ಓಲ್ಡ್ ಸೇರಮ್: ಟೂರ್ ವ್ಯಾನ್‌ಗೆ 2 ಸ್ಟಾರ್, ಜಾಗಕ್ಕೆ 5

ಲಂಡನ್‌ನಿಂದ ಒಂದೇ ದಿನದಲ್ಲಿ ಸ್ಟೋನ್‌ಹೆಂಜ್, ಸಾಲಿಸ್ಬರಿ, ಓಲ್ಡ್ ಸೇರಮ್ (ಸಾಲಿಸ್ಬರಿ ಪಕ್ಕದ ಗುಡ್ಡದ ಮೇಲಿನ ಪಾಳುಬಿದ್ದ ಹಳೇ ಊರು) ಮೂರನ್ನೂ ತೋರಿಸುವ ವ್ಯಾನ್ ಟೂರ್ ಇದು. ಕಂಪನಿ ಹೆಸರು ಬೇಡ ಬಿಡಿ. ಸೀಟು ಆರಾಮಾಗಿತ್ತು, ಟೈಮಿಗೆ ಸರಿಯಾಗಿ ಬಂದರು. ಆದರೆ ಓಲ್ಡ್ ಸೇರಮ್‌ಗೆ ಕೊಟ್ಟಿದ್ದು ಬರೀ ಅರ್ಧ ಗಂಟೆ. ಗೈಡ್ ಕೋಟೆ, ರಾಜರು, ಗಾಳಿ ಜೋರು ಟೋಪಿ ಹುಷಾರು ಅಂತ ಹೇಳಿ ಮುಗಿಸಿಬಿಟ್ಟರು. ಅಲ್ಲಿನ ಅಸಲಿ ಮಜಾ ಇರುವುದು ಚುನಾವಣೆ ಕಥೆಯಲ್ಲಿ, ಅದರ ಸುದ್ದಿಯೇ ಇಲ್ಲ!

ಗುಡ್ಡದ ಮೇಲೆ ಈಗ ಉಳಿದಿರುವುದು ಆಳವಾದ ಕಂದಕ, ಮುರಿದ ಗೋಡೆಗಳು, ಹುಲ್ಲಿನ ನಡುವೆ ಹಳೇ ಕೆಥೆಡ್ರಲ್‌ನ (ಬಿಷಪ್ಪರ ಮುಖ್ಯ ಚರ್ಚ್) ಅಡಿಪಾಯದ ಗುರುತು. 1220ರಲ್ಲಿ ಕೆಳಗಿನ ಬಯಲಲ್ಲಿ ಹೊಸ ಕೆಥೆಡ್ರಲ್ ಶುರುವಾಯಿತು, ಜನರೂ ನಿಧಾನಕ್ಕೆ ಅಲ್ಲಿಗೇ ಇಳಿದರು. ಅದೇ ಈಗಿನ ಸಾಲಿಸ್ಬರಿ. ಮೇಲಿನ ಊರು ಖಾಲಿಯಾದರೂ ಅದರ ಹೆಸರಲ್ಲಿ 1832ರವರೆಗೂ ಇಬ್ಬರು ಎಂಪಿಗಳು ಪಾರ್ಲಿಮೆಂಟಲ್ಲಿ ಕೂರುತ್ತಿದ್ದರು. ಆಗ ಮ್ಯಾಂಚೆಸ್ಟರ್‌ಗೆ ತನ್ನದೇ ಅಂತ ಒಬ್ಬ ಎಂಪಿಯೂ ಇರಲಿಲ್ಲ.

ವೋಟು ಇದ್ದಿದ್ದು ಜನರಿಗಲ್ಲ, ಹಳೇ ಊರಿನ ಕೆಲವು ಜಾಗಗಳಿಗೆ. ಜಾಗ ಯಾರ ಹೆಸರಲ್ಲಿದೆಯೋ ಅವರಿಗೆ ವೋಟು, ಅಲ್ಲಿ ವಾಸ ಇರಬೇಕಾಗಿಲ್ಲ. ಹಾಗಾಗಿ ಜಾಗವೆಲ್ಲ ಕೊಂಡವನು ಚುನಾವಣೆ ಹೊತ್ತಿಗೆ ಅದನ್ನು ತನ್ನ ನಂಬಿಕಸ್ಥರ ಹೆಸರಿಗೆ ಮಾಡಿಕೊಟ್ಟರೆ ಸಾಕು, ಗೆಲುವು ಗ್ಯಾರಂಟಿ. 1831ರಲ್ಲಿ ವೋಟರುಗಳು 11 ಮಂದಿ. ಚುನಾವಣೆ ನಡೆಯುತ್ತಿದ್ದುದು ಗುಡ್ಡದ ಕೆಳಗೆ ಹೊಲದಲ್ಲಿ, ಒಂದು ಎಲ್ಮ್ ಮರದಡಿ.

ನಮ್ಮವರಿಗೆ ಇನ್ನೂ ಸ್ವಾರಸ್ಯ ಇಲ್ಲಿದೆ. 17ನೇ ಶತಮಾನದ ಕೊನೆಗೆ ಈ ಕ್ಷೇತ್ರ ಕೊಂಡವನು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಗೇ ಸಡ್ಡು ಹೊಡೆದು ಕಳ್ಳ ವ್ಯಾಪಾರ ಮಾಡಿ ದುಡ್ಡು ಕಂಡವನು, ಆಮೇಲೆ ಅದೇ ಕಂಪನಿಯ ಮದ್ರಾಸ್ ಗವರ್ನರ್! ಕೃಷ್ಣಾ ದಂಡೆಯ ಕೊಲ್ಲೂರು ಗಣಿಯ (ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು) ದೊಡ್ಡ ವಜ್ರ ಇವನ ಕೈ ಸೇರಿದ್ದು ಆಗಲೇ. ಅದೀಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಮುಂದೆ ಪ್ರಧಾನಿಯಾದ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಮೊದಲು ಪಾರ್ಲಿಮೆಂಟಿಗೆ ಹೋಗಿದ್ದು ಈ ಖಾಲಿ ಗುಡ್ಡದ ಹೆಸರಲ್ಲೇ. 1802ರಲ್ಲಿ ಪಿಟ್ ಮನೆಯವರು ಇದನ್ನು 60,000 ಪೌಂಡಿಗೆ ಮಾರಿದರು. ಬರೀ ಹುಲ್ಲುಗಾವಲಿಗೆ ಅಷ್ಟು ದುಡ್ಡು ಯಾರು ಕೊಡ್ತಾರೆ, ಅಲ್ವಾ? ಬೆಲೆ ಇದ್ದಿದ್ದು ಆ ಎರಡು ಸೀಟಿಗೆ.

ಸುಮ್ನೆ ಟೂರ್‌ಗೆ ದುಡ್ಡು ಸುರಿಯಬೇಡಿ. ರೈಲಲ್ಲಿ ಸಾಲಿಸ್ಬರಿಗೆ ಹೋಗಿ, ಅಲ್ಲಿಂದ 3 ಕಿ.ಮೀ. ಅಷ್ಟೇ, ನಡೆದೇ ಹೋಗಬಹುದು. ಟಿಕೆಟ್ ಒಳಕೋಟೆಗೆ ಮಾತ್ರ, ಕೆಥೆಡ್ರಲ್ ಅಡಿಪಾಯ ಪುಕ್ಕಟೆ ನೋಡಬಹುದು. ಜಾಕೆಟ್ ಮರೀಬೇಡಿ, ಗಾಳಿ ವಿಷಯದಲ್ಲಿ ಗೈಡ್ ಹೇಳಿದ್ದು ನಿಜ.