ಅಮ್ಮ ಬಿಸಿಲಿಗೆ ಹಾಕಿದ ಫೋಮ್ ದಿಂಬು: ಎರಡೂವರೆ ವರ್ಷದ ಬಳಕೆ

ಕತ್ತು ಹಿಡಿದುಕೊಂಡರೆ ನಮ್ಮ ಮನೆಯಲ್ಲಿ ಮೊದಲು ಚಿಕಿತ್ಸೆ ಆಗುವುದು ದಿಂಬಿಗೆ. ಬೆಳಿಗ್ಗೆ ಎದ್ದವನು ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ‘ಕಾಫಿ ಆಯ್ತೇನಮ್ಮ’ ಅಂದರೆ ಸಾಕು, ಅಮ್ಮ ಏನಾಯ್ತೆಂದೂ ಕೇಳದೆ ದಿಂಬು ಎತ್ತಿಕೊಂಡು ತಾರಸಿ ಹತ್ತುತ್ತಾಳೆ. ಅವಳಿಗೆ ಇದು ಅವಳ ಅಮ್ಮನಿಂದ ಬಂದದ್ದು. ಬೂರುಗದ ಹತ್ತಿಯ ದಿಂಬಿಗಾದರೆ ಅದು ಸರಿಯಾದ ಕ್ರಮವೇ. ಗಂಟುಗಂಟಾದ ಹತ್ತಿ ಬಿಸಿಲು ಕಂಡು ಅರಳುತ್ತದೆ, ಸಂಜೆ ನಾಲ್ಕು ಸಲ ತಟ್ಟಿದರೆ ಎತ್ತರ ಸಮವಾಗುತ್ತದೆ, ರಾತ್ರಿ ಕತ್ತಿಗೂ ಹಾಯೆನಿಸುತ್ತದೆ. ಆದರೆ ನಾನು 1,800 ರೂಪಾಯಿ ಕೊಟ್ಟು ತಂದದ್ದು ಮೆಮೊರಿ ಫೋಮ್ ದಿಂಬು, ಒತ್ತಿದರೆ ಅಚ್ಚು ಮೂಡಿ ನಿಧಾನಕ್ಕೆ ಮೊದಲಿನಂತಾಗುವ ಜಾತಿಯದು. ಅದಕ್ಕೂ ಅಮ್ಮ ಅದೇ ಚಿಕಿತ್ಸೆ ಮಾಡಿದಳು, ಅದೂ ಬಳ್ಳಾರಿಯ ಮೇ ತಿಂಗಳಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ.

ನನಗೆ ಆಡಿಟರ್ ಆಫೀಸಿನಲ್ಲಿ ಕೆಲಸ. ಪ್ರತಿ ತಿಂಗಳು 20ನೇ ತಾರೀಖು ಹತ್ತಿರ ಬಂತೆಂದರೆ ಜಿಎಸ್‌ಟಿ ರಿಟರ್ನ್ ತುಂಬಲು ಬಗ್ಗಿಸಿದ ಕತ್ತು ಎತ್ತುವುದು ರಾತ್ರಿ ಒಂಬತ್ತಕ್ಕೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಕತ್ತಿನ ಏಳು ಮೂಳೆಗಳು ಸಹಜವಾಗಿ ಸ್ವಲ್ಪ ಬಾಗಿರಬೇಕು, ನಿಮ್ಮದು ಕೋಲಿನ ಹಾಗೆ ನೆಟ್ಟಗಾಗಿದೆ ಎಂದರು. ಕೈ ಜೋಮು ಹಿಡಿಯುತ್ತದಾ, ಬೆರಳುಗಳಲ್ಲಿ ಚುಚ್ಚುತ್ತದಾ ಎಂದು ಎರಡೆರಡು ಸಲ ಕೇಳಿದರು. ನನಗೆ ಅದೇನೂ ಇರಲಿಲ್ಲ. ಇರುವವರು ದಿಂಬು ಹುಡುಕುತ್ತ ಕೂರಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ. ನನಗೆ ಹತ್ತು ದಿನ ಫಿಸಿಯೋಥೆರಪಿ ಬರೆದು, ದಿಂಬು ಬದಲಿಸಿ ಎಂದರು.

ಕಂಪನಿಯ ಹೆಸರು ಬರೆಯುವುದಿಲ್ಲ. ಒಂದು ಅಂಚು ಎತ್ತರ, ಇನ್ನೊಂದು ತಗ್ಗು, ನಡುವೆ ಹಳ್ಳ, ಈ ಅಲೆಯಾಕಾರದ ದಿಂಬನ್ನು ಈಗ ಎಲ್ಲರೂ ಮಾಡುತ್ತಾರೆ. ಡಬ್ಬಿಯ ಮೇಲೆ ನಾಸಾ ಹೆಸರು ದೊಡ್ಡದಾಗಿತ್ತು. ಸುಳ್ಳೇನಲ್ಲ, 1966ರಲ್ಲಿ ನಾಸಾದ ಏಮ್ಸ್ ಎಂಬ ಸಂಶೋಧನಾ ಕೇಂದ್ರಕ್ಕಾಗಿ ವಿಮಾನದ ಸೀಟಿನ ಮೆತ್ತೆ ಸುಧಾರಿಸಲು ಹೊರಟಾಗ ಹುಟ್ಟಿದ ಫೋಮ್ ಇದು. ಬಳ್ಳಾರಿಯ ಏಪ್ರಿಲ್ ಅವರ ಲೆಕ್ಕದಲ್ಲಿ ಇದ್ದಿರಲಾರದು ಅಷ್ಟೆ. ಬಿಚ್ಚಿದ ದಿನ ಹೊಸ ಪೇಂಟಿಗೂ ಹೊಸ ಚಪ್ಪಲಿಗೂ ನಡುವಿನ ಒಂದು ವಾಸನೆ. ನಾಲ್ಕು ದಿನ ಕಿಟಕಿ ಪಕ್ಕ ಇಟ್ಟ ಮೇಲೆ ಹೋಯಿತು.

ಮೊದಲ ಎರಡು ತಿಂಗಳು ತಪ್ಪಾಗಿ ಮಲಗಿದೆ. ಅಂಗಾತ ಮಲಗುವವನು ಎತ್ತರದ ಅಂಚನ್ನೇ ಕತ್ತಿನ ಕೆಳಗಿಟ್ಟೆ. ಇಷ್ಟು ದುಡ್ಡು ಕೊಟ್ಟಿದ್ದೇನೆ, ಎತ್ತರವೂ ಜಾಸ್ತಿಯೇ ಇರಲಿ ಎಂಬ ಲೆಕ್ಕ. ನೋವು ಹೋಗುವುದಿರಲಿ, ಭುಜಕ್ಕೂ ಇಳಿಯಿತು. ದಿಂಬಿಗೆ ಒಂದು ಸ್ಟಾರ್ ಕೊಟ್ಟು ಚೆನ್ನಾಗಿ ಬೈದು ಬರೆಯುವುದೆಂದು ನಿರ್ಧರಿಸಿದ್ದೆ. ಫಿಸಿಯೋಥೆರಪಿಯವರು, ಮಲಗಿದಾಗ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಂಡು ಬನ್ನಿ ಎಂದರು. ಹೆಂಡತಿ ತೆಗೆದ ಫೋಟೋ ನೋಡಿ, ‘ಗಲ್ಲ ಎದೆಗೆ ತಾಗ್ತಾ ಇದೆ ಸರ್, ನೀವು ಮಲಗಿದ್ದೀರೋ ಮೊಬೈಲ್ ನೋಡ್ತಾ ಇದ್ದೀರೋ’ ಎಂದು ನಕ್ಕರು.

ಅವರು ಹೇಳಿಕೊಟ್ಟದ್ದು ಇಷ್ಟು. ಅಂಗಾತ ಮಲಗಿದರೆ ತಗ್ಗಿನ ಅಂಚು, ಮುಖ ನೇರ ಮೇಲಕ್ಕೆ. ಮಗ್ಗುಲಾದರೆ ಎತ್ತರದ ಅಂಚು, ಮೂಗು ಮತ್ತು ಎದೆಯ ನಡುಮೂಳೆ ಒಂದೇ ಗೆರೆಯಲ್ಲಿ. ಬೋರಲು ಮಲಗುವವರಿಗೆ ಯಾವ ದಿಂಬೂ ಇಲ್ಲ, ಆ ಅಭ್ಯಾಸವನ್ನೇ ಬಿಡಬೇಕು. ಮನೆಗೆ ಬಂದು ಗೋಡೆಗೆ ಭುಜ ಒತ್ತಿ ನಿಂತು, ಕಿವಿಯಿಂದ ಗೋಡೆಗೆ ಎಷ್ಟು ದೂರವೆಂದು ಮಗಳ ಸ್ಕೇಲಿನಲ್ಲಿ ಅಳೆಸಿದೆ. ನಾಲ್ಕೂವರೆ ಇಂಚು. ದಿಂಬಿನ ಎತ್ತರದ ಅಂಚೂ ನಾಲ್ಕೂವರೆಯೇ, ಆದರೆ ತಲೆಯ ಭಾರ ಬಿದ್ದಾಗ ಕುಗ್ಗುತ್ತದಲ್ಲ. ತಲೆ ಎಂದರೆ ಹತ್ತಿರ ಹತ್ತಿರ ಐದು ಕೆಜಿ. ಕೆಳಗೊಂದು ಟವೆಲ್ ಮಡಚಿಟ್ಟ ಮೇಲೆ ಸರಿಹೋಯಿತು. ಹಾಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮದು ಗಟ್ಟಿ ತೆಂಗಿನ ನಾರಿನದು, ಭುಜ ಇಳಿಯುವುದಿಲ್ಲ. ಮಗಳ ಮೆತ್ತನೆ ಹಾಸಿಗೆಯಲ್ಲಿ ಭುಜ ಹೂತುಹೋಗಿ ಅದೇ ದಿಂಬು ಎತ್ತರವಾಗುತ್ತದೆ, ಟವೆಲೇ ಬೇಡ. ಈಗ ನಡುರಾತ್ರಿ ಮಗ್ಗುಲಾಗುವಾಗ ನಿದ್ದೆಯಲ್ಲೇ ದಿಂಬು ತಿರುಗಿಸುತ್ತೇನಂತೆ, ದೋಸೆ ಮಗುಚಿದ ಹಾಗೆ. ಹೆಂಡತಿಯ ದೂರು.

ಇದರ ಸೇವೆ ಸ್ವಲ್ಪ ಜಾಸ್ತಿ. ಮಾಮೂಲಿ ದಿಂಬಿನ ಗವಸು ಇದಕ್ಕೆ ಕೂರುವುದಿಲ್ಲ. ಅಮ್ಮನ ಹಳೇ ನೂಲಿನ ಸೀರೆಯಲ್ಲಿ ಟೈಲರ್ ಹತ್ತಿರ ಎರಡು ಹೊಲಿಸಿದೆ, ಒಂದಕ್ಕೆ 60 ರೂಪಾಯಿ. ಶನಿವಾರ ರಾತ್ರಿ ತಲೆಗೆ ಹರಳೆಣ್ಣೆ ಹಚ್ಚಿಕೊಳ್ಳುವ ಮನೆ ನಮ್ಮದು. ಫೋಮ್ ಎಣ್ಣೆ ಕುಡಿದರೆ ಒಗೆಯುವಂತಿಲ್ಲ, ನೀರು ಹೀರಿ ಗೋಣಿಯಷ್ಟು ಭಾರವಾಗುತ್ತದೆ, ಹಿಂಡಿದರೆ ಹರಿಯುತ್ತದೆ. ಹಾಗಾಗಿ ಶನಿವಾರ ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಮೇಲೆ ಹಾಸುವುದು. ಬೆಳಿಗ್ಗೆ ಗವಸು ತೆಗೆದು ಕುರ್ಚಿಗೆ ಒರಗಿಸಿ ಫ್ಯಾನ್ ಕೆಳಗೆ ಕಾಲು ಗಂಟೆ. ಆ ಕಾಲು ಗಂಟೆ ಅದು ನನ್ನ ಮಗಳದು. ಅಂಗೈ ಒತ್ತಿ ತೆಗೆದು, ಅಚ್ಚು ಮಾಯವಾಗುವ ತನಕ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ.

ಈ ಎಣಿಕೆಯಿಂದಲೇ ದಿಂಬಿನ ದೊಡ್ಡ ದೋಷ ಗೊತ್ತಾಯಿತು. ಡಿಸೆಂಬರಿನಲ್ಲಿ ಸಕಲೇಶಪುರದ ಹತ್ತಿರ ಹೆಂಡತಿಯ ತವರಿಗೆ ಅಕ್ಕಿ ಚೀಲದಲ್ಲಿ ತುರುಕಿಕೊಂಡು ಬಸ್ಸಿನಲ್ಲಿ ಒಯ್ದಿದ್ದೆ. ಅಲ್ಲಿ ಮಗಳು ಹನ್ನೆರಡರ ತನಕ ಎಣಿಸಿದಳು. ರಾತ್ರಿ ಮಲಗಿದರೆ ಇಟ್ಟಿಗೆ. ಮೈ ಬಿಸಿ ತಾಗಿ ಹತ್ತು ನಿಮಿಷವಾದ ಮೇಲೆ ಕತ್ತಿನ ಜಾಗ ಮಾತ್ರ ಮೆತ್ತಗಾಯಿತು. ಬಳ್ಳಾರಿಯ ಏಪ್ರಿಲ್‌ನಲ್ಲಿ ಎರಡು ಎಣಿಸುವಷ್ಟರಲ್ಲಿ ಅಚ್ಚು ಮಾಯ. ಈ ಫೋಮ್ ಇರುವುದೇ ಹಾಗೆ, ಚಳಿಗೆ ಬಿಗಿಯುತ್ತದೆ, ಸೆಕೆಗೆ ಸಡಿಲವಾಗುತ್ತದೆ. ಜನವರಿಯಲ್ಲಿ ಅಳೆದು ಕೂಡಿಸಿದ ಎತ್ತರ ಏಪ್ರಿಲ್‌ಗೆ ಇರುವುದಿಲ್ಲ. ತಲೆ ಹಳ್ಳಕ್ಕಿಳಿದು ಎರಡೂ ಕಿವಿ ಬೇಯುತ್ತವೆ. ಕೂಲಿಂಗ್ ಜೆಲ್ ಎಂದು ಮೇಲೊಂದು ನೀಲಿ ಪದರ ಇದೆ. ಅದರ ತಂಪು ಕರೆಂಟ್ ಹೋಗುವ ಮೊದಲೇ ಹೋಗಿರುತ್ತದೆ.

ಈಗ ಆ ಮೇ ತಿಂಗಳು. ಮದುವೆ ಮನೆಯ ಜಮಖಾನದ ಮೇಲೆ ಮಲಗಿ ಬಂದು ಕತ್ತು ಹಿಡಿದಿತ್ತು. ಬಾಮು ಹಚ್ಚಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಮೂರನೇ ದಿನ ಬೇಗ ಮನೆಗೆ ಬಂದರೆ ತಾರಸಿಯ ಮೇಲೆ ಗವಸು ಕಳಚಿದ ದಿಂಬು, ಪಕ್ಕದಲ್ಲಿ ಸಂಡಿಗೆ. ಮೂರು ದಿನವೂ ನಾನು ಹೋದ ಮೇಲೆ ಅಮ್ಮ ಹಾಕಿ, ನಾನು ಬರುವಷ್ಟರಲ್ಲಿ ತೆಗೆದಿಡುತ್ತಿದ್ದಳು. ‘ಚೆನ್ನಾಗಿ ಕಾದಿದೆ ಕಣೋ, ಇವತ್ತು ಮಲಗು, ಕತ್ತು ಸುರಳೀತ ಆಗುತ್ತೆ’ ಎಂದಳು. ಬಿಳಿ ಫೋಮ್ ಹಳೇ ಪೇಪರಿನ ಬಣ್ಣಕ್ಕೆ ತಿರುಗಿತ್ತು. ಬೆರಳಿಂದ ಉಜ್ಜಿದರೆ ಪುಡಿ.

ಬಿಸಿಲಿಗೆ ಹಾಕಬಾರದೆಂದು ದಿಂಬಿನ ಒಳಗವಸಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ನಾನೇ ಆವತ್ತು ಮೊದಲು ಓದಿದ್ದು. ಗ್ರಾಹಕ ಸೇವೆಗೆ ಫೋನ್ ಮಾಡಿದೆ, ಬಿಸಿಲಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂದರು. ಒಪ್ಪುತ್ತೇನೆ. ಆದರೆ ದಿಂಬು ಎಂದರೆ ಬಿಸಿಲಿಗೆ ಹಾಕುವ ವಸ್ತು ಎಂದೇ ತಿಳಿದಿರುವ ನಾಡಿಗೆ ಮಾರುವಾಗ ಆ ಒಂದು ಸಾಲನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಹಾಕಲು ಏನು ಖರ್ಚು? ಒಂದೂವರೆ ಸ್ಟಾರ್ ಕಳೆದದ್ದು ಅಲ್ಲೇ.

ಅಮ್ಮನಿಗೆ ಏನೂ ಹೇಳಲಿಲ್ಲ. ಮರುದಿನ ‘ಹೇಗಿದೆ ಕತ್ತು’ ಎಂದು ಕೇಳಿದಳು. ಸರಿಹೋಗಿತ್ತು. ಹಿಡಿದ ಕತ್ತು ಮೂರು ನಾಲ್ಕು ದಿನಕ್ಕೆ ತಾನಾಗೇ ಬಿಡುವುದೇ ಹೆಚ್ಚು ಎಂದು ವಾದಿಸಬಹುದಿತ್ತು.

ಪುಡಿಯಾದದ್ದು ಮೇಲ್ಪದರ ಮಾತ್ರ. ಬಟ್ಟೆಯಲ್ಲಿ ಒರೆಸಿ, ತಿರುವಿ ಹಾಕಿ, ಇಂದಿಗೂ ಅದರ ಮೇಲೇ ಮಲಗುತ್ತೇನೆ. ಎತ್ತರದ ಅಂಚು ಅರ್ಧ ಇಂಚು ಕುಸಿದಿದೆ, ಟವೆಲಿಗೆ ಇನ್ನೊಂದು ಮಡಿಕೆ ಬಿದ್ದಿದೆ. ಮೊದಲು ತಿಂಗಳಿಗೆ ಹದಿನೈದು ದಿನ ಬಾಮು ಬೇಕಿತ್ತು, ಈಗ ರಿಟರ್ನ್ ವಾರದಲ್ಲಿ ಒಂದೆರಡು ದಿನ. ಪೂರ್ತಿ ಪುಣ್ಯ ದಿಂಬಿಗೆ ಕೊಡಲಾರೆ. ಗಲ್ಲ ಹಿಂದಕ್ಕೆಳೆಯುವ ವ್ಯಾಯಾಮವನ್ನೂ ಮಾಡುತ್ತಿದ್ದೇನೆ, ಆಫೀಸಿನಲ್ಲಿ ಮಾನಿಟರ್ ಕೆಳಗೆ ನಾಲ್ಕು ಹಳೇ ಫೈಲು ಬಂದಿವೆ.

ಚಳಿಗಾಲದಲ್ಲಿ ಹತ್ತು ನಿಮಿಷ ಇಟ್ಟಿಗೆಯನ್ನು ಸಹಿಸುವ ಮಲೆನಾಡಿನವರು, ಏಸಿ ಇರುವವರು ಧೈರ್ಯವಾಗಿ ತೆಗೆದುಕೊಳ್ಳಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಫೋಟೋ ತೆಗೆಸಿ ನೋಡಿಕೊಳ್ಳಿ. ಲೇಟೆಕ್ಸ್ ಎಂಬ ರಬ್ಬರಿನ ದಿಂಬು ಚಳಿ ಸೆಕೆಗೆ ಇಷ್ಟು ಬದಲಾಗುವುದಿಲ್ಲ, ಆದರೆ ನಾನು ನೋಡಿದವು ನನ್ನ ಜೇಬಿಗೆ ಎಟಕಲಿಲ್ಲ, ಮತ್ತು ಅದನ್ನೂ ಬಿಸಿಲಿಗೆ ಹಾಕುವಂತಿಲ್ಲ. ಬಳ್ಳಾರಿಯಲ್ಲಿ ಇದು ವರ್ಷಕ್ಕೆ ಎಂಟು ತಿಂಗಳ ದಿಂಬು. ಮಿಕ್ಕ ನಾಲ್ಕು ತಿಂಗಳಿಗೆ ಹಳೇ ಬೂರುಗದ ದಿಂಬನ್ನೇ ಹಾಸಿಗೆ ಅಂಗಡಿಗೆ ಒಯ್ದು, ಹೊಲಿಗೆ ಬಿಚ್ಚಿಸಿ, ಎರಡು ಹಿಡಿ ಹತ್ತಿ ತೆಗೆಸಿ, ಉಳಿದದ್ದನ್ನು ಹಿಂಜಿಸಿ ತಂದೆ. 150 ರೂಪಾಯಿ. ಬೇಕಾದಷ್ಟೇ ಎತ್ತರ ಇಡಿಸಿಕೊಳ್ಳುವ ಈ ಸೌಕರ್ಯ 1,800ರ ದಿಂಬಿಗಿಲ್ಲ.

ಮೂರೂವರೆ ಸ್ಟಾರ್. ಅದರಲ್ಲಿ ಅರ್ಧ, ಮಗಳ ಅಂಗೈ ಅಚ್ಚಿಗೆ.

ಮೊನ್ನೆ ಸೆಕೆ ಶುರುವಾಯಿತೆಂದು ಫೋಮ್ ದಿಂಬನ್ನು ಬೀರು ಮೇಲಿಡಲು ಹೋದಾಗ ಅಮ್ಮ ಕೇಳಿದಳು, ‘ನಾಲ್ಕು ತಿಂಗಳು ಮೇಲಿರೋದು, ಒಂದು ದಿನ ಬಿಸಿಲು ತೋರಿಸಿ ಇಡಲೇನೋ?’ ಗವಸು ಮಾತ್ರ ಬಿಚ್ಚಿ ಕೊಟ್ಟೆ.