ಹ್ಯಾಂಕ್‌ನ ಕಥೆ ತರಿಸಿ, ಗಟ್ಟಿಯಾಗಿ ಓದಿ

8ರಿಂದ 12 ವರ್ಷದ ಮಕ್ಕಳಿರುವ ಮನೆಗೆ ‘ಹ್ಯಾಂಕ್ ದ ಕೌಡಾಗ್’ ಎಂಬ ಇಂಗ್ಲಿಷ್ ಮಕ್ಕಳ ಕಥೆ ಸರಣಿಯ ಮೊದಲ ಪುಸ್ತಕವನ್ನು ಧಾರಾಳವಾಗಿ ತರಿಸಿಕೊಳ್ಳಬಹುದು. ಆದರೆ ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿ, ಇದರ ಮಜಾ ಇರುವುದೇ ಅಲ್ಲಿ.

ಬರೆದವರು ಜಾನ್ ಆರ್. ಎರಿಕ್ಸನ್. ಅಮೆರಿಕದ ಟೆಕ್ಸಸ್‌ನವರು, ದನ ಕಾಯುವ ಕೌಬಾಯ್ ಆಗಿ ದುಡಿದವರು. ಮೊದಲ ಪುಸ್ತಕ ಬಂದಿದ್ದು 1983ರಲ್ಲಿ, ಅದೂ ಅವರೇ ಕಟ್ಟಿದ ಸಣ್ಣ ಪ್ರಕಾಶನದಿಂದ. ಈಗ ಸರಣಿ 75 ಪುಸ್ತಕ ದಾಟಿದೆ. ಕಥೆ ಹೇಳುವವನು ಹ್ಯಾಂಕ್ ಎಂಬ ನಾಯಿ. ದೊಡ್ಡ ಹುಲ್ಲುಗಾವಲಿನ ದನದ ರಾಂಚ್‌ಗೆ ತಾನೇ ಭದ್ರತಾ ಮುಖ್ಯಸ್ಥ ಅಂತ ಅವನು ನಂಬಿಕೊಂಡಿದ್ದಾನೆ. ಮಲಗುವುದು ಮಾತ್ರ ಗೋಣಿಚೀಲದ ಮೇಲೆ.

ಗೋಣಿಚೀಲ ಅಂದ ತಕ್ಷಣ ನನ್ನ ಮಗನಿಗೆ ಪಾಂಡವಪುರದ ಹತ್ತಿರದ ನಮ್ಮೂರಿನ ನಾಯಿ ಕರಿಯ ನೆನಪಾದ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ, ರಜೆ ಬಂದರೆ ಅಮ್ಮನ ಮನೆ. ಅಲ್ಲಿ ಕರಿಯ ಬೆಳಗ್ಗೆ ಹಾಲಿನ ವ್ಯಾನ್ ಬಂದಾಗ ಬೊಗಳುತ್ತಾನೆ. ಡೈರಿ ಮುಂದೆ ಕ್ಯಾನ್ ಏರಿಸಿಕೊಂಡು ವ್ಯಾನ್ ಹೊರಟರೆ ಕಬ್ಬಿನ ಗದ್ದೆ ತಿರುವಿನವರೆಗೂ ಓಡುತ್ತಾನೆ. ಆಮೇಲೆ ಬಾಲ ನೆಟ್ಟಗೆ ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ವಾಪಸ್ ಬಂದು ಕೊಟ್ಟಿಗೆ ಬಾಗಿಲಲ್ಲಿ ಕೂರುತ್ತಾನೆ. ಆ ವ್ಯಾನನ್ನು ಓಡಿಸಿದ್ದು ತಾನೇ ಅನ್ನುವ ಗತ್ತು ಅವನ ಮುಖದಲ್ಲಿ ಕಾಣುತ್ತದೆ. ಎರಿಕ್ಸನ್ ಆ ಗತ್ತನ್ನು ಹಿಡಿದು ಪುಸ್ತಕ ಪೂರ್ತಿ ಮಾತಾಡಿಸಿದ್ದಾರೆ.

ಕೆಲಸದ ಹೊತ್ತಲ್ಲಿ ಹ್ಯಾಂಕ್ ನಿದ್ದೆ ಹೋಗುತ್ತಾನೆ, ಎಬ್ಬಿಸಿದರೆ ಅರ್ಥವಿಲ್ಲದ್ದೇನೋ ಬಡಬಡಿಸಿ, ನಿದ್ದೆಯೇ ಮಾಡಿಲ್ಲ ಅಂತ ವಾದಕ್ಕೆ ನಿಲ್ಲುತ್ತಾನೆ. ಮನೆಯ ಕೊಳಚೆ ನೀರು ನಿಂತ ಹೊಂಡಕ್ಕೆ ಬಿದ್ದು ಹೊರಳಾಡಿ, ಪವಿತ್ರ ಸ್ನಾನ ಮುಗಿಸಿದವನ ಹಾಗೆ ಎದ್ದು ಬರುತ್ತಾನೆ. ಯಜಮಾನಿ ಸ್ಯಾಲಿ ಮೇ ಯಾಕೆ ಮೂಗು ಮುಚ್ಚಿಕೊಳ್ಳುತ್ತಾಳೆ ಅಂತ ಅವನಿಗೆ ಹೊಳೆಯುವುದೇ ಇಲ್ಲ. ಮಗುವಿಗೆ ಹೊಳೆಯುತ್ತದೆ. ನನ್ನ ಮಗ ಓದು ನಿಲ್ಲಿಸಿ, “ಅವ್ನು ನಿದ್ದೆ ಮಾಡ್ತಿದ್ದ ಕಣಮ್ಮ, ಸುಳ್ಳು ಹೇಳ್ತಾವ್ನೆ!” ಅಂತ ಎದ್ದು ನಿಂತ. ಕಥೆ ಹೇಳುವವನಿಗಿಂತ ಕೇಳುವ ಮಗು ಒಂದು ಹೆಜ್ಜೆ ಮುಂದಿರುತ್ತದೆ. ದಿನವಿಡೀ ಶಾಲೆಯಲ್ಲಿ, ಟ್ಯೂಷನ್ನಿನಲ್ಲಿ ತಪ್ಪು ತಿದ್ದಿಸಿಕೊಳ್ಳುವ ಮಗುವಿಗೆ ಇಲ್ಲಿ ದೊಡ್ಡವನೊಬ್ಬನ ತಪ್ಪು ಹಿಡಿಯುವ ಅವಕಾಶ. ನಮ್ಮಲ್ಲಿ ಪ್ರಾಣಿ ಕಥೆ ಅಂದರೆ ಕೊನೆಗೊಂದು ನೀತಿ ಇರಲೇಬೇಕು. ಇಲ್ಲಿ ಅದಿಲ್ಲ, ಆದರೂ ಮಗು ಬುದ್ಧಿ ಓಡಿಸುತ್ತಲೇ ಇರುತ್ತದೆ. ಈ ಪುಸ್ತಕದ ಮೇಲೆ ನನಗೆ ಇಷ್ಟು ಪ್ರೀತಿ ಬಂದಿದ್ದು ಅದಕ್ಕೇ.

ಜೊತೆಗಾರ ಡ್ರೋವರ್ ಮಾತ್ರ ನಮ್ಮ ಮನೆಮಂದಿಯನ್ನೆಲ್ಲ ಗೆದ್ದುಬಿಟ್ಟ. ಪುಕ್ಕಲು ಪುಟ್ಟ ನಾಯಿ. ಅಪಾಯ ಬಂತು ಅಂದರೆ ಸಾಕು, ಅವನ ಕಾಲು ನೋಯಲು ಶುರು. ಆಮೇಲೆ ನೋಡಿದರೆ ಯಂತ್ರ ಇಡುವ ಶೆಡ್ಡಿನೊಳಗೆ ಅಡಗಿರುತ್ತಾನೆ. ಹ್ಯಾಂಕ್‌ನ ಭಾಷಣಕ್ಕೆ ಅವನು ಕೊಡುವ ಪೆದ್ದು ಉತ್ತರಗಳನ್ನು ದನಿ ಬದಲಿಸಿ ಓದಬೇಕು. ಪೀಟ್ ಎಂಬ ಬೆಕ್ಕಿಗೆ ನಾನು ನಿಧಾನದ, ಎಳೆದು ಮಾತಾಡುವ ದನಿ ಕೊಟ್ಟೆ.

ಮೊದಲ ಪುಸ್ತಕದಲ್ಲಿ ಕೋಳಿ ಕೊಲೆಯ ಪ್ರಕರಣ. ತನಿಖೆಗೆ ಹೊರಟ ಹ್ಯಾಂಕ್ ಮೇಲೆಯೇ ಆರೋಪ ಬಂದು, ಅವನು ರಾಂಚ್ ಬಿಟ್ಟು ಕಯೋಟಿಗಳ ಜೊತೆ ಸೇರಿಕೊಳ್ಳುತ್ತಾನೆ. ಕಯೋಟಿ ಅಂದರೆ ನಮ್ಮ ಗುಳ್ಳೆನರಿಯನ್ನೇ ಹೋಲುವ ಅಲ್ಲಿನ ಕಾಡುಪ್ರಾಣಿ. ಹಟ್ಟಿಯ ಅನ್ನ ತಿಂದವನು ಕಾಡಿನವರ ಪಕ್ಷ ವಹಿಸುತ್ತಾನಾ ಅನ್ನುವ ಪ್ರಶ್ನೆ ಬರುವ ಹೊತ್ತಿಗೆ ನಗು ಸ್ವಲ್ಪ ತಗ್ಗಿ, ಮಗ ನನ್ನ ತೋಳು ಹಿಡಿದುಕೊಂಡಿದ್ದ. ಜೆರಾಲ್ಡ್ ಹೋಮ್ಸ್ ಬರೆದ ಕಪ್ಪುಬಿಳುಪು ಚಿತ್ರಗಳು ಕಡಿಮೆ ಗೆರೆಯಲ್ಲೇ ಹ್ಯಾಂಕ್‌ನ ಜಂಬ ತೋರಿಸುತ್ತವೆ.

ಕೊರತೆ ಇಲ್ಲವೆಂದಲ್ಲ. ಕಯೋಟಿಗಳು ಮುರುಕು ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಮೂಲನಿವಾಸಿಗಳನ್ನು ಹೀಗೆ ಮಾತಾಡಿಸಿ ನಗಿಸುತ್ತಿದ್ದ ಹಳೆಯ ಅಮೆರಿಕನ್ ಸಿನಿಮಾಗಳ ವಾಸನೆ ಅದರಲ್ಲಿದೆ, ನನಗೆ ಹಿಡಿಸಲಿಲ್ಲ. ಹ್ಯಾಂಕ್ ಬ್ಯೂಲಾ ಎಂಬ ಹೆಣ್ಣುನಾಯಿಗಾಗಿ ಹಲುಬುವುದೂ ಪುಸ್ತಕದಿಂದ ಪುಸ್ತಕಕ್ಕೆ ಅದೇ ರಾಗ. ಇನ್ನೊಂದು, ಇಂಗ್ಲಿಷ್ ಈಗಷ್ಟೇ ಓದಲು ಕಲಿತ ಮಗುವಿಗೆ ಕೌಬಾಯ್‌ಗಳ ಆಡುನುಡಿ ಒಗ್ಗುವುದಿಲ್ಲ. ಊರಲ್ಲಿ ಕನ್ನಡ ಶಾಲೆಗೆ ಹೋಗುವ ನಮ್ಮಣ್ಣನ ಮಕ್ಕಳಿಗೆ ನಾನು ಪುಟ ನೋಡುತ್ತಾ ನಮ್ಮ ಮಂಡ್ಯದ ಮಾತಲ್ಲೇ ಹೇಳುತ್ತಾ ಹೋದೆ. ಜಗುಲಿಯಲ್ಲಿ ಅವರು ಬಿದ್ದು ಬಿದ್ದು ನಕ್ಕರು. ಹಸು ಕರೆದು ಬಂದ ನಮ್ಮಮ್ಮ ತಂಬಿಗೆ ಕೈಯಲ್ಲಿ ಹಿಡಿದೇ ನಿಂತು ಕೇಳಿದರು.

ಪೂರ್ತಿ ಸೆಟ್‌ಗೆ ದುಡ್ಡು ಹಾಕಬೇಡಿ. ಆಮದಾದ ಪುಸ್ತಕ, ಬೆಲೆ ಜಾಸ್ತಿ, ಬರುವುದೂ ನಿಧಾನ. ಒಂದೊಂದರಲ್ಲೂ ಕಥೆ ಅಲ್ಲಿಗಲ್ಲಿಗೇ ಮುಗಿಯುವುದರಿಂದ ಮೊದಲನೆಯದು ಓದಿ, ಮಗು ಕೇಳಿದರೆ ಮಾತ್ರ ಇನ್ನೊಂದು ತರಿಸಿ. ಗಟ್ಟಿಯಾಗಿ ಓದಲು ನಿಮಗೆ ಸಂಕೋಚವಿದ್ದರೆ ಎರಿಕ್ಸನ್ ಅವರೇ ಎಲ್ಲ ಪಾತ್ರಗಳ ದನಿಯಲ್ಲಿ ಓದಿ, ಹಾಡನ್ನೂ ಹಾಡಿರುವ ಆಡಿಯೋ ಪುಸ್ತಕಗಳಿವೆ. ಒಂದು ಅಧ್ಯಾಯ ಕೇಳಿ ಆ ಧಾಟಿ ಹಿಡಿದುಕೊಂಡು, ಮುಂದಿನದನ್ನು ನೀವೇ ಓದಿ.