ಎಂಟನೇ ಫೇಡರ್ ಎಳೆದರೆ ಪೇಟಿ ಕೂರುತ್ತಿತ್ತು: ರೀಪರ್ ಜೊತೆ ಮಿಡಿ ಕಂಟ್ರೋಲರ್, ಎರಡು ವರ್ಷದ ಬಳಕೆ

ತಾಳದ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಇಳಿಸಿದರೆ ಪೇಟಿಯ, ಅಂದರೆ ಹಾರ್ಮೋನಿಯಂನ, ದನಿಯೂ ಇಳಿಯುತ್ತಿತ್ತು. ಈ ಒಂದು ತೊಂದರೆ ನನ್ನ ಎರಡು ತಿಂಗಳು ತಿಂದುಹಾಕಿತು. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಏನೇನಿದೆ, ಎಷ್ಟು ಟ್ರ್ಯಾಕ್ ಹಿಡಿಯುತ್ತದೆ ಅನ್ನೋದೆಲ್ಲ ನೀವು ನೋಡಿರುತ್ತೀರಿ, ಅದನ್ನು ಬಿಡುತ್ತೇನೆ. ಫೇಡರ್, ನಾಬ್ (ತಿರುಗಿಸುವ ಗುಂಡಿ) ಇರುವ ಸಣ್ಣ ಮಿಡಿ ಕಂಟ್ರೋಲರ್ ಜೋಡಿಸಿಕೊಂಡು ದಿನಾ ಕೆಲಸ ಮಾಡೋದು ಹೇಗಿರುತ್ತದೆ, ಅಷ್ಟೇ ಹೇಳುತ್ತೇನೆ. ಮಿಡಿ ಅಂದರೆ ವಾದ್ಯ, ಕಂಪ್ಯೂಟರ್ ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿ.

ನಮ್ಮದು ಬನಹಟ್ಟಿ. ಮನೆಯ ಎಡಕ್ಕೂ ಹಿಂದಕ್ಕೂ ಮಗ್ಗಗಳು. ಪಾವರ್‌ಲೂಮ್ ಸದ್ದು ನೆಲದೊಳಗಿಂದಲೇ ಮೈಕ್ ಸ್ಟ್ಯಾಂಡಿಗೆ ಹತ್ತುತ್ತದೆ. ಹಾಗಾಗಿ ನಾವು ಭಜನಾಪದ, ತತ್ವಪದ ರೆಕಾರ್ಡ್ ಮಾಡೋದು ರಾತ್ರಿ ಮಗ್ಗ ನಿಂತ ಮೇಲೆ, ಇಲ್ಲಾ ಕರೆಂಟ್ ಹೋದಾಗ. ಕರೆಂಟ್ ಹೋದರೆ ಇಡೀ ಓಣಿ ಒಂದೇ ಸಲ ಸುಮ್ಮನಾಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್, ಕೀಬೋರ್ಡ್, ಕಂಟ್ರೋಲರ್ ಮೂರೂ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತವೆ. ಫ್ಯಾನ್ ನಿಂತಿರುತ್ತದೆ, ಬೆವರು ಇಳಿಯುತ್ತಿರುತ್ತದೆ, ಆದರೂ ಆ ಒಂದು ಗಂಟೆಗಾಗಿ ನಾವು ಕಾಯುತ್ತೇವೆ.

ಹಾಡೋರು ನಮ್ಮ ಕಾಕಾ. ಹಾಡುತ್ತಲೇ ಪೇಟಿ ನುಡಿಸಿ ರೂಢಿ. ಹಾಡಿನ ಮೈಕಿಗೆ ಪೇಟಿಯೂ ಬಿದ್ದರೆ ಆಮೇಲೆ ಎರಡನ್ನೂ ಬೇರೆ ಮಾಡೋಕೆ ಬರೋದಿಲ್ಲ. ಅದಕ್ಕೆ ಅವರಿಗೆ ಮಿಡಿ ಕೀಬೋರ್ಡ್ ಕೊಟ್ಟು, ರೀಪರ್ ಒಳಗೆ ಹಾರ್ಮೋನಿಯಂ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳು) ಹಾಕಿ, ಹೆಡ್‌ಫೋನಿನಲ್ಲಿ ಕೇಳಿಸುತ್ತೇನೆ. ತಬಲಾ, ಏಕತಾರಿ, ತಾಳ ಆಮೇಲೆ ಒಂದೊಂದಾಗಿ ಸೇರುತ್ತವೆ.

ಕಂಟ್ರೋಲರ್ ಸೆಕೆಂಡ್ ಹ್ಯಾಂಡ್. ಬೆಳಗಾವಿಗೆ ಹೋದಾಗ 4,500 ರೂಪಾಯಿಗೆ ತಂದದ್ದು. ಎಂಟು ಫೇಡರ್, ಎಂಟು ನಾಬ್, ಸಾಲು ಸಾಲು ಬಟನ್. ಕಂಪನಿಯ ಹೆಸರು ಬೇಡ.

ಜೋಡಿಸೋದು ಮಾತ್ರ ಬಹಳ ಸುಲಭ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರೀಪರ್‌ನಲ್ಲಿ ಪ್ರಶ್ನೆ ಚಿಹ್ನೆಯ ಕೀ ಒತ್ತಿದರೆ ಆ್ಯಕ್ಷನ್ ಪಟ್ಟಿ ತೆರೆಯುತ್ತದೆ. ಒಂದನೇ ಟ್ರ್ಯಾಕಿನ ವಾಲ್ಯೂಮ್ ಹೊಂದಿಸುವ ಆ್ಯಕ್ಷನ್ ಹುಡುಕಿ, ಶಾರ್ಟ್‌ಕಟ್ ಸೇರಿಸುವ ಬಟನ್ ಒತ್ತಿ, ಕಂಟ್ರೋಲರಿನ ಫೇಡರನ್ನು ಸ್ವಲ್ಪ ಅಲ್ಲಾಡಿಸಿದರೆ ಸಾಕು, ಅದು ಹಿಡಿದುಕೊಳ್ಳುತ್ತದೆ. ಎಂಟು ಟ್ರ್ಯಾಕಿಗೆ ಎಂಟು ಸಲ ಮಾಡಿದೆ. ಒಂದರಲ್ಲಿ ಕಾಕಾನ ದನಿ, ಎರಡರಲ್ಲಿ ಪೇಟಿ, ಹೀಗೆ ಸಾಗಿ ಎಂಟರಲ್ಲಿ ತಾಳ. ಹತ್ತು ನಿಮಿಷದ ಕೆಲಸ. ಅವತ್ತು ಬಹಳ ಖುಷಿಯಾಗಿ ಮಲಗಿದ್ದೆ.

ಮರುವಾರ ತೊಂದರೆ ಶುರುವಾಯಿತು. ತಾಳ ರೆಕಾರ್ಡ್ ಆಗಿತ್ತು. ಪೇಟಿಯ ಭಾಗ ಇನ್ನೊಮ್ಮೆ ನುಡಿಸೋಣ ಅಂತ ಕಾಕಾ ಕೂತರು. ಹೆಡ್‌ಫೋನಿನಲ್ಲಿ ತಾಳ ಜಾಸ್ತಿ ಅನ್ನಿಸಿ ನಾನು ಎಂಟನೇ ಫೇಡರ್ ಕೆಳಗೆ ಎಳೆದೆ. ಕಾಕಾ ನುಡಿಸೋದು ನಿಲ್ಲಿಸಿ ನನ್ನ ಕಡೆ ನೋಡಿದರು. "ತಮ್ಮಾ, ತಿದಿ ತೂತು ಬಿದ್ದಂಗ ಆತಲ್ಲೋ, ಪೇಟಿ ಒಮ್ಮೆಲೇ ಕುಂತ ಬಿಟ್ಟತು" ಅಂದರು. ಪರದೆಯ ಮೇಲೆ ಪೇಟಿಯ ಫೇಡರ್ ಇದ್ದಲ್ಲೇ ಇತ್ತು. ದನಿ ಮಾತ್ರ ಕುಸಿದಿತ್ತು.

ಕೇಬಲ್ ಬದಲಾಯಿಸಿದೆ. ಹಾರ್ಮೋನಿಯಂ ದನಿ ಕೊಡುವ ಪ್ಲಗಿನ್ (ರೀಪರ್ ಒಳಗೆ ಕೂರುವ ಪುಟ್ಟ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ. ಇದರ ಜೊತೆಗೆ ಇನ್ನೊಂದು ಕಾಟ. ಒಂದನೇ ಟ್ರ್ಯಾಕನ್ನು ರೆಕಾರ್ಡಿಗೆ ಸಿದ್ಧ ಮಾಡುವ ಬಟನ್ ಒತ್ತಿದರೆ ಕೆಲವು ಸಲ ಪೇಟಿಯ ಸ್ವರ ನಿಲ್ಲುತ್ತಲೇ ಇರಲಿಲ್ಲ. ಬೆರಳೆತ್ತಿದರೂ ಸಾ, ಪಾ ಹಾಗೇ ಗುಂಯ್ ಅನ್ನುತ್ತಿದ್ದವು. ಕಾಕಾನಿಗೆ ಸಿಟ್ಟು ಬರುತ್ತಿತ್ತು. ಕರೆಂಟ್ ಹೋಗಿ ಸಿಕ್ಕ ಒಂದು ಗಂಟೆಯಲ್ಲಿ ಅರ್ಧ ಗಂಟೆ ಇದರಲ್ಲೇ ಹೋದರೆ ಯಾರಿಗೆ ಸಿಟ್ಟು ಬರಲ್ಲ? ನನಗೆ ಹೆಚ್ಚು ಗಾಬರಿಯಾದದ್ದು, ಕಂಟ್ರೋಲರ್ ಪೂರ್ತಿ ಕಿತ್ತಿಟ್ಟು ಹಳೆಯ ಪದ ಹಾಕಿದಾಗ. ಅದರಲ್ಲೂ ಪೇಟಿ ಅದೇ ಜಾಗದಲ್ಲಿ ಕೂರುತ್ತಿತ್ತು.

ಕೊನೆಗೆ ಕಾರಣ ಸಿಕ್ಕಿದ್ದು ರೀಪರ್ ಜೊತೆಗೇ ಬರುವ ರಿಯಾಕಂಟ್ರೋಲ್‌ಮಿಡಿ ಅನ್ನುವ ಪ್ಲಗಿನ್‌ನಿಂದ. ಅದನ್ನು ಪೇಟಿಯ ಟ್ರ್ಯಾಕಿಗೆ ಹಾಕಿ ಲಾಗ್ ತೆರೆದರೆ ಆ ಟ್ರ್ಯಾಕಿಗೆ ಬರುವ ಪ್ರತಿ ಮಿಡಿ ಸಂದೇಶ ಸಾಲಾಗಿ ಕಾಣುತ್ತದೆ. ಎಂಟನೇ ಫೇಡರ್ ಅಲ್ಲಾಡಿಸಿದೆ. ಪೇಟಿಯ ಟ್ರ್ಯಾಕಿನಲ್ಲಿ 7, 7, 7 ಅಂತ ಸಾಲು ಇಳಿಯತೊಡಗಿತು.

ಮಿಡಿಯಲ್ಲಿ ಫೇಡರ್, ನಾಬ್‌ಗಳ ಸಂದೇಶಕ್ಕೆ ಕಂಟ್ರೋಲ್ ಚೇಂಜ್, ಚಿಕ್ಕದಾಗಿ ಸಿಸಿ ಅನ್ನುತ್ತಾರೆ. ಒಂದೊಂದಕ್ಕೂ ಒಂದು ನಂಬರ್. 1983ರಲ್ಲಿ ಬಂದ ಮಿಡಿಯಲ್ಲಿ ಕೆಲವು ನಂಬರಿಗೆ ಕೆಲಸ ಗೊತ್ತುಮಾಡಿಟ್ಟಿದ್ದಾರೆ: 1 ಮಾಡ್ಯುಲೇಶನ್, 7 ವಾಲ್ಯೂಮ್, 10 ಎಡ-ಬಲ, 64 ಸಸ್ಟೇನ್ ಪೆಡಲ್ (ಬೆರಳೆತ್ತಿದರೂ ಸ್ವರ ಹಿಡಿದಿಡುವುದು). ನನ್ನ ಕಂಟ್ರೋಲರಿನವರು ಫೇಡರುಗಳಿಗೆ ಸೊನ್ನೆಯಿಂದ ಏಳರವರೆಗೆ ನಂಬರ್ ಕೊಟ್ಟಿದ್ದರು. ಎಂಟನೆಯದಕ್ಕೆ ಬಿದ್ದದ್ದು 7. ಒಂದನೇ ಸಾಲಿನ ರೆಕಾರ್ಡ್ ಬಟನ್ನಿಗೆ 64. ಆ ಬಟನ್ನನ್ನು ನಾನು ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್ ಆಗುವಂತೆ ಇಟ್ಟಿದ್ದೆ. ಅಂದರೆ ಕಾಕಾ ನುಡಿಸುವಾಗ ನಾನೇ ಪೆಡಲ್ ಒತ್ತಿ ಬಿಟ್ಟುಹೋದ ಹಾಗೆ. ಪೇಟಿಯ ಟ್ರ್ಯಾಕು ಎಲ್ಲಾ ಮಿಡಿ ಸಾಧನದಿಂದಲೂ ಇನ್‌ಪುಟ್ ತಗೊಳ್ಳುತ್ತಿತ್ತು. ಹಾಗಾಗಿ ಫೇಡರಿನ ಸಂದೇಶ ರೀಪರ್‌ಗೂ ಹೋಗುತ್ತಿತ್ತು, ಹಾರ್ಮೋನಿಯಂ ಪ್ಲಗಿನ್‌ಗೂ ಹೋಗುತ್ತಿತ್ತು. ಅದೂ ಸಾಲದೆ ಸ್ವರಗಳ ಜೊತೆ ರೆಕಾರ್ಡ್ ಆಗುತ್ತಿತ್ತು. ಕಂಟ್ರೋಲರ್ ಕಿತ್ತ ಮೇಲೂ ಪೇಟಿ ಕೂರುತ್ತಿದ್ದದ್ದು ಅದಕ್ಕೇ. ಮಿಡಿ ಎಡಿಟರ್ ತೆರೆದು, ಕೆಳಗಿನ ಪಟ್ಟಿಯಲ್ಲಿ 7ನೇ ನಂಬರ್ ಆರಿಸಿದರೆ ಎಲ್ಲಾ ಅಲ್ಲೇ ಇತ್ತು. ನಾನು ಎಳೆದ ಪ್ರತಿ ಎಳೆತ ಮೆಟ್ಟಿಲು ಮೆಟ್ಟಿಲಾಗಿ ಕೂತಿತ್ತು.

ಪರಿಹಾರ ಎರಡು, ಎರಡನ್ನೂ ಮಾಡಿಬಿಡಿ. ಮೊದಲನೆಯದು, ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಮಿಡಿ ಸಾಧನಗಳ ಪಟ್ಟಿಗೆ ಹೋಗಿ. ಕಂಟ್ರೋಲರಿಗೆ ಇನ್‌ಪುಟ್ ಅನ್ನುವ ಗುರುತು ತೆಗೆದು, ಕಂಟ್ರೋಲ್ ಸಂದೇಶ ಅನ್ನುವುದನ್ನು ಮಾತ್ರ ಇಡಿ. ಆಗ ಅದು ಸಾಫ್ಟ್‌ವೇರನ್ನು ನಡೆಸುತ್ತದೆ, ವಾದ್ಯದ ತಂಟೆಗೆ ಹೋಗೋದಿಲ್ಲ. ಎರಡನೆಯದು, ಕಂಟ್ರೋಲರಿನ ಎಡಿಟರ್ ಸಾಫ್ಟ್‌ವೇರಿನಲ್ಲಿ ನಂಬರ್‌ಗಳನ್ನೇ ಬದಲಾಯಿಸಿ. 20ರಿಂದ 31 ಮತ್ತು 102ರಿಂದ 119 ಮಿಡಿಯಲ್ಲಿ ಯಾವ ಕೆಲಸಕ್ಕೂ ಕೊಡದೆ ಬಿಟ್ಟ ನಂಬರ್‌ಗಳು. ನಾನು ಫೇಡರುಗಳಿಗೆ 102ರಿಂದ 109, ನಾಬ್‌ಗಳಿಗೆ 20ರಿಂದ 27, ಬಟನ್‌ಗಳಿಗೆ ಉಳಿದವು ಅಂತ ಇಟ್ಟೆ. ಆಮೇಲೆ ಎಂಟೂ ಫೇಡರನ್ನು ಮತ್ತೆ ಹಿಡಿಸಿದೆ. ಅವತ್ತಿನಿಂದ ಇವತ್ತಿನವರೆಗೆ ಪೇಟಿ ಒಮ್ಮೆಯೂ ಕೂತಿಲ್ಲ.

ಆ ಎರಡು ತಿಂಗಳಲ್ಲಿ ಕಂಟ್ರೋಲರ್ ಮಾರಿಬಿಡಬೇಕು ಅಂದುಕೊಂಡಿದ್ದೆ. ಈಗ ಅದಿಲ್ಲದೆ ಮಿಕ್ಸಿಂಗಿಗೆ ಕೂರೋಕೇ ಆಗೋದಿಲ್ಲ. ತತ್ವಪದದಲ್ಲಿ ಪಲ್ಲವಿ ತಿರುಗಿ ತಿರುಗಿ ಬರುತ್ತದೆ, ಅಲ್ವಾ? ಪ್ರತಿ ಸಲವೂ ಕಾಕಾ ಅದನ್ನು ಬೇರೆ ಥರ ಹಾಡುತ್ತಾರೆ. ಒಮ್ಮೆ ಎದೆ ತುಂಬಿ, ಒಮ್ಮೆ ತಮಗೆ ತಾವೇ ಹೇಳಿಕೊಂಡಂತೆ. ಮೌಸಿನಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರೆ ಅದು ಸಿಗೋದಿಲ್ಲ. ಕಣ್ಣು ಮುಚ್ಚಿ, ದನಿಯ ಫೇಡರ್ ಮೇಲೆ ಬೆರಳಿಟ್ಟು ಅವರ ಉಸಿರಿನ ಜೊತೆ ಹೋದರೆ ಸಿಗುತ್ತದೆ. ಟ್ರ್ಯಾಕನ್ನು ಲ್ಯಾಚ್ ಮೋಡಿಗೆ ಇಟ್ಟರೆ ಬೆರಳಿನ ಚಲನೆಯೆಲ್ಲ ಆಟೊಮೇಶನ್ ಆಗಿ ಉಳಿದು, ಆಮೇಲೆ ಪ್ಲೇ ಮಾಡಿದಾಗ ತಾನಾಗಿ ನಡೆಯುತ್ತದೆ.

ಅದಕ್ಕೆ ಮೊದಲು ಒಂದು ಕೆಲಸ ಮಾಡಲೇಬೇಕು. ಇದು ಮೋಟಾರ್ ಇಲ್ಲದ ಫೇಡರ್. ಪರದೆಯ ಮೇಲಿನ ಫೇಡರ್ ಎಲ್ಲಿದೆ ಅಂತ ಇದಕ್ಕೆ ಗೊತ್ತಿರಲ್ಲ. ಮುಟ್ಟಿದ ಕೂಡಲೇ ದನಿ ಠಕ್ಕನೆ ಜಿಗಿಯುತ್ತದೆ, ಆ ಜಿಗಿತವೂ ದಾಖಲಾಗುತ್ತದೆ. ಅದಕ್ಕೆ ಫೇಡರುಗಳ ಪಕ್ಕ ಬಿಳಿ ಟೇಪ್ ಅಂಟಿಸಿ, ದನಿ, ಪೇಟಿ, ತಬಲಾ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಒಂದೊಂದಕ್ಕೂ ಒಂದು ಗೆರೆ. ಕೂತ ಕೂಡಲೇ ಮೊದಲು ಎಂಟನ್ನೂ ಗೆರೆಗೆ ತಂದು ನಿಲ್ಲಿಸುತ್ತೇನೆ, ಪ್ರಾಜೆಕ್ಟಿನಲ್ಲೂ ಅದೇ ಮಟ್ಟಕ್ಕೆ ಹೊಂದಿಸುತ್ತೇನೆ, ಆಮೇಲೆ ಪ್ಲೇ. ತಬಲಾ ಶ್ರುತಿ ಮಾಡಿಕೊಳ್ಳೋರು ಮರದ ಗಟ್ಟಿಗಳ ಮೇಲೆ ಸುತ್ತಿಗೆ ತಟ್ಟುವ ಹೊತ್ತಿನಲ್ಲಿ ನನ್ನದೂ ಮುಗಿದಿರುತ್ತದೆ. ನಾಬ್‌ಗಳಿಗೆ ಈ ಕಷ್ಟ ಇಲ್ಲ. ಅವನ್ನು ಪ್ಲಗಿನ್ನಿಗೆ ಹಿಡಿಸುವ ಲರ್ನ್ ಕಿಟಕಿಯಲ್ಲಿ ಸಾಫ್ಟ್ ಟೇಕೋವರ್ ಅಂತ ಇದೆ. ಅದನ್ನು ಆನ್ ಮಾಡಿದರೆ, ನಾಬ್ ಈಗಿನ ಮಟ್ಟಕ್ಕೆ ಬಂದು ಸೇರುವವರೆಗೆ ಏನೂ ಬದಲಾಗೋದಿಲ್ಲ.

ನನಗೆ ಬಹಳ ಪ್ರೀತಿಯದು ಇನ್ನೊಂದು ಬಟನ್. ಅದಕ್ಕೆ ಮಾರ್ಕರ್ ಹಾಕುವ ಕೆಲಸ ಕೊಟ್ಟಿದ್ದೇನೆ. ಹಾಡುತ್ತಾ ಎಲ್ಲಾದರೂ ತಪ್ಪಿದರೆ ಕಾಕಾ ನಿಲ್ಲಿಸೋದಿಲ್ಲ, ಹುಬ್ಬು ಮೇಲೇರಿಸುತ್ತಾರೆ. ನಾನು ಬಟನ್ ಒತ್ತುತ್ತೇನೆ. ಪದ ಮುಗಿದ ಮೇಲೆ ಆ ಗುರುತಿಗೆ ಹೋಗಿ ಅಷ್ಟನ್ನೇ ಮತ್ತೆ ಹಾಡಿಸುತ್ತೇನೆ. ಇಬ್ಬರೂ ಒಂದು ಮಾತೂ ಆಡಬೇಕಿಲ್ಲ.

ಗಮನಿಸಬೇಕಾದ್ದು ಇನ್ನೂ ಇದೆ. ಫೇಡರ್ ಹಿಡಿಸಿದ್ದು ಟ್ರ್ಯಾಕಿನ ನಂಬರಿಗೆ, ಹೆಸರಿಗಲ್ಲ. ಮೇಲೆ ಹೊಸ ಟ್ರ್ಯಾಕ್ ಸೇರಿಸಿದರೆ ಎಲ್ಲಾ ಒಂದೊಂದು ಜಾಗ ಜರುಗುತ್ತವೆ. ನಾನು ಹೊಸದನ್ನು ಕೆಳಗೇ ಸೇರಿಸುತ್ತೇನೆ. ಪ್ಲಗಿನ್‌ಗೆ ಲರ್ನ್ ಮಾಡಿದ್ದು ಆ ಪ್ರಾಜೆಕ್ಟಿನ ಜೊತೆ ಉಳಿಯುತ್ತದೆ. ಅದಕ್ಕೆ ಖಾಲಿ ಪ್ರಾಜೆಕ್ಟನ್ನು ಟೆಂಪ್ಲೇಟ್ ಮಾಡಿಟ್ಟು, ಪ್ರತಿ ಪದವನ್ನೂ ಅಲ್ಲಿಂದಲೇ ಶುರು ಮಾಡಿ. ಆ್ಯಕ್ಷನ್ನುಗಳಿಗೆ ಹಿಡಿಸಿದ್ದೆಲ್ಲ ರೀಪರ್-ಕೆಬಿ ಅನ್ನುವ ಐಎನ್ಐ ಫೈಲಿನಲ್ಲಿ ಕೂತಿರುತ್ತದೆ, ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿಡಿ. ಇನ್ನು ಸಿಸಿಯಲ್ಲಿ ಇರೋದು 0ರಿಂದ 127, ಅಂದರೆ 128 ಮೆಟ್ಟಿಲು. ನಿಧಾನಕ್ಕೆ ದನಿ ಕರಗಿಸುವಾಗ ಆ ಮೆಟ್ಟಿಲು ಒಮ್ಮೊಮ್ಮೆ ಕಿವಿಗೆ ತಿಳಿಯುತ್ತದೆ. ದೊಡ್ಡ ಮೋಟಾರ್ ಫೇಡರ್ ಯಂತ್ರಗಳು ಪಿಚ್ ಬೆಂಡ್ ಅನ್ನುವ ಇನ್ನೊಂದು ಬಗೆಯ ಮಿಡಿ ಸಂದೇಶ ಬಳಸುತ್ತವೆ, ಆ ಸಂದೇಶದಲ್ಲಿ 16,384 ಮೆಟ್ಟಿಲಿಗೆ ಜಾಗ ಇದೆ. ಅವುಗಳ ಬೆಲೆ ನನ್ನ ಕೈಗೆ ಎಟುಕದ್ದು. ಭಜನಾಪದಕ್ಕೆ 128 ಸಾಕು.

ದುಡ್ಡಿನ ಮಾತು. ರೀಪರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ನಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. ಈಗಿನ 7ನೇ ಆವೃತ್ತಿಗೆ ತಗೊಂಡರೆ 8.99ರವರೆಗೂ ನಡೆಯುತ್ತದೆ. ಒಂದು ಕಾಲದಲ್ಲಿ ನಾವೆಲ್ಲ ಎಂಪಿ3 ಕೇಳುತ್ತಿದ್ದ ವಿನ್ಯಾಂಪ್ ಮಾಡಿದ ಜಸ್ಟಿನ್ ಫ್ರ್ಯಾಂಕೆಲ್ ಅವರದೇ ಇದು. ದುಡ್ಡು ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ.

ಕಂಟ್ರೋಲರ್ ಕೊಳ್ಳುವಾಗ ಎಷ್ಟು ಫೇಡರ್, ಎಷ್ಟು ಬಟನ್ ಅಂತ ಆಮೇಲೆ ನೋಡಿ. ಸಿಸಿ ನಂಬರ್ ಬದಲಾಯಿಸೋಕೆ ಬರುತ್ತದಾ ಅಂತ ಮೊದಲು ಕೇಳಿ. ಬರೋದಿಲ್ಲ ಅಂದರೆ ಅಗ್ಗಕ್ಕೆ ಸಿಕ್ಕರೂ ಬೇಡ. ನನ್ನದು ಎರಡು ವರ್ಷದಲ್ಲಿ ಒಂದು ನಾಬಿನ ಟೊಪ್ಪಿ ಸಡಿಲಾಗಿದೆ, ಅಷ್ಟೇ. ಎಂಟನೇ ಫೇಡರಿನ ಟೇಪ್ ಮೇಲೆ ತಾಳ ಅಂತ ಬರೆದದ್ದರ ಪಕ್ಕ ಈಗ 109 ಅಂತಲೂ ಬರೆದಿದ್ದೇನೆ.